ಅವರೆ ಬಿತ್ತನೆಯ ಆರು ತಿಂಗಳು

ಮಾಗಡಿ ಸೀಮೆಯಲ್ಲಿ ಬಿತ್ತನೆಗೆ ಎತ್ತಿಡುವ ಅವರೆಕಾಳು ಒಣಗಿದೆಯೋ ಇಲ್ಲವೋ ಎಂದು ತೀರ್ಮಾನ ಹೇಳುವುದು ಹಲ್ಲು. ಹರವಿದ ಕಾಳಿನ ನಾಲ್ಕಾರು ಕಡೆಯಿಂದ ಒಂದೊಂದನ್ನು ಆಯ್ದು ದವಡೆಗೆ ಕೊಟ್ಟು ಕಚ್ಚುತ್ತಾರೆ. ಹಲ್ಲು ಊರಿ ಗುರುತು ಬಿದ್ದರೆ ಕಾಳು ಇನ್ನೂ ಹಸಿ. ಕಟ್ಟೆಂದು ಎರಡು ಹೋಳಾದರೆ ಒಂದು ಹಂತ ದಾಟಿತು. ಆಮೇಲೆ ಮೊರಕ್ಕೆ ಹಾಕಿ ಕುಲುಕಿ ಸದ್ದು ಕೇಳುತ್ತಾರೆ. ಒಣಗಿದ ಕಾಳು ಗಲಗಲ ಎನ್ನುತ್ತದೆ, ತೇವ ಉಳಿದ ಕಾಳಿನ ಸದ್ದು ಮಂದ. ಕೊನೆಗೆ ರಾಶಿಯ ಒಳಕ್ಕೆ ಮೊಣಕೈವರೆಗೆ ಕೈ ತೂರಿಸಿ ನೋಡುತ್ತಾರೆ. ಒಳಗೆ ತಣ್ಣಗೆ, ಜಾರುವಂತೆ ಇರಬೇಕು. ಬೆಚ್ಚಗಿದ್ದು ಕೈಗೆ ಅಂಟಿದಂತಾದರೆ ಮರುದಿನ ಮತ್ತೆ ಬಿಸಿಲಿಗೆ. ತೇವಾಂಶ ಅಳೆಯುವ ಯಂತ್ರ ಬೀಜದ ಕಂಪನಿಗಳಲ್ಲಿದೆ, ಪ್ರಯೋಗಾಲಯಗಳಲ್ಲಿದೆ. ಅದಿಲ್ಲದ ಮನೆಯಲ್ಲಿ ಹಲ್ಲು, ಕಿವಿ, ಕೈ ಮೂರೂ ಸೇರಿ ಅದೇ ಕೆಲಸ ಮಾಡುತ್ತವೆ. ಈ ಮೂರನ್ನೂ ಪಳಗಿಸಿಕೊಂಡವರು ಹೆಚ್ಚಾಗಿ ಹೆಂಗಸರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ತಾಲ್ಲೂಕಿನ ಬೆದ್ದಲು ಬೇಸಾಯ ಅವರ ಈ ಜಾಣ್ಮೆಯ ಮೇಲೆ ನಿಂತು ಬಂದಿದೆ.

ಅವರೆ ಇಲ್ಲಿ ರಾಗಿಯ ಜೊತೆಗಾತಿ. ರಾಗಿ ಹೊಲದಲ್ಲಿ ಅಲ್ಲಲ್ಲಿ ಅಕ್ಕಡಿ ಸಾಲು ಬಿಟ್ಟು ಅದರಲ್ಲಿ ಅವರೆ, ತೊಗರಿ, ಹುಚ್ಚೆಳ್ಳು, ಜೋಳ, ಅಲಸಂದೆ ಹಾಕುವುದು ಹಳೆಯ ಪದ್ಧತಿ. ಪುನರ್ವಸು, ಪುಷ್ಯ ಮಳೆಯ ಹದಕ್ಕೆ, ಅಂದರೆ ಜುಲೈ ಆಸುಪಾಸಿಗೆ ಬಿತ್ತನೆ. ನಾಟಿ ಅವರೆಗೆ ಹಗಲು ಕಿರಿದಾಗುವವರೆಗೆ ಹೂ ಕಟ್ಟುವ ಮನಸ್ಸಾಗುವುದಿಲ್ಲ. ಮಾಗಿ ಚಳಿಯಲ್ಲಿ ಹೂವು, ಸಂಕ್ರಾಂತಿಯ ಹೊತ್ತಿಗೆ ಸೊಗಡು ತುಂಬಿದ ಹಸಿಕಾಯಿ, ಫೆಬ್ರುವರಿಯಲ್ಲಿ ಒಣಕಾಯಿ. ಅಲ್ಲಿಂದ ಮುಂದಿನ ಜುಲೈವರೆಗೆ ಸುಮಾರು ಆರು ತಿಂಗಳು ಬಿತ್ತನೆಯ ಕಾಳು ಮನೆಯೊಳಗೆ ಕಾಯಬೇಕು. ಆ ಆರು ತಿಂಗಳಲ್ಲಿ ಏಪ್ರಿಲ್ಲಿನ ಸುಡುಬಿಸಿಲೂ ಬರುತ್ತದೆ, ಮುಂಗಾರಿಗೆ ಮುನ್ನಿನ ಗುಡುಗು ಮಳೆಯೂ ಬರುತ್ತದೆ, ಜೂನಿನ ತೇವದ ಗಾಳಿಯೂ ಬರುತ್ತದೆ. ಊಟದ ಕಾಳು ಇದನ್ನೆಲ್ಲ ಕಂಡು ಸ್ವಲ್ಪ ಮಂಕಾದರೂ ಸಾರಿಗೆ ಬೀಳುತ್ತದೆ. ಬಿತ್ತನೆಯ ಕಾಳು ಹಾಗಲ್ಲ. ಅದು ಹೊಲಕ್ಕೆ ಬದುಕಿಯೇ ಹೋಗಬೇಕು.

ಒಣಗಿದ ಕಾಳು ನೋಡುವುದಕ್ಕೆ ಕಲ್ಲಿನ ಚೂರಿನಂತಿದ್ದರೂ ಅದರೊಳಗೆ ಜೀವ ಇದೆ, ಉಸಿರಾಟ ಇದೆ. ಬಹಳ ನಿಧಾನದ ಉಸಿರು. ತೇವ ಹೆಚ್ಚಿದರೆ ಆ ಉಸಿರು ಜೋರಾಗುತ್ತದೆ, ಸೆಕೆ ಹೆಚ್ಚಿದರೂ ಜೋರಾಗುತ್ತದೆ. ಜೋರಾದಷ್ಟೂ ಕಾಳು ತನ್ನ ಗಂಟನ್ನು ತಾನೇ ತಿಂದು ಬೇಗ ಮುಪ್ಪಾಗುತ್ತದೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ತರಕಾರಿ ಬೀಜಗಳ ಮೇಲೆ ಕೆಲಸ ಮಾಡಿದ ಜೇಮ್ಸ್ ಹ್ಯಾರಿಂಗ್ಟನ್ ಎಂಬ ವಿಜ್ಞಾನಿ ಇದಕ್ಕೆ ಒಂದು ಸುಲಭದ ಲೆಕ್ಕ ಕೊಟ್ಟರು. ಬೀಜದ ತೇವಾಂಶ ಶೇಕಡಾ 14ರಿಂದ 5ರ ನಡುವೆ ಇರುವಾಗ, ಪ್ರತಿ ಒಂದು ಅಂಶ ತೇವ ಇಳಿದರೆ ಬೀಜದ ಆಯಸ್ಸು ಎರಡು ಪಟ್ಟು. ಹಾಗೆಯೇ ಉಷ್ಣತೆ 5 ಡಿಗ್ರಿ ಸೆಲ್ಸಿಯಸ್ ಇಳಿದಾಗೆಲ್ಲ ಆಯಸ್ಸು ಎರಡು ಪಟ್ಟು. ಅಂದಾಜಿನ ಲೆಕ್ಕ ಇದು, ಆದರೆ ಬಹಳ ಬೀಜಗಳಿಗೆ ಹೊಂದುತ್ತದೆ. ಅರೆಬರೆ ಒಣಗಿ ಶೇಕಡಾ 13 ತೇವ ಉಳಿಸಿಕೊಂಡ ಅವರೆಯನ್ನು ಶೇಕಡಾ 9ಕ್ಕೆ ಇಳಿಸಿದರೆ ಎರಡನ್ನು ನಾಲ್ಕು ಸಲ ಗುಣಿಸಿದಂತೆ, ಹದಿನಾರು ಪಟ್ಟು. ಇನ್ನೆರಡು ಬಿಸಿಲು ಬೇಕು ಎಂದು ಮನೆಯ ಅಜ್ಜಿ ಹಟ ಹಿಡಿಯುತ್ತಿದ್ದುದಕ್ಕೆ ಇಷ್ಟು ಬೆಲೆ ಇತ್ತು.

ಹ್ಯಾರಿಂಗ್ಟನ್ ಹೇಳಿದ ಇನ್ನೊಂದು ಸೂತ್ರ ನಮ್ಮ ಸೀಮೆಯ ಕಷ್ಟವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಬೀಜವಿಟ್ಟ ಕೋಣೆಯ ಉಷ್ಣತೆಯನ್ನು ಫ್ಯಾರನ್‌ಹೀಟ್‌ನಲ್ಲಿ ಬರೆದು, ಗಾಳಿಯ ತೇವದ ಶೇಕಡಾವಾರನ್ನು ಅದಕ್ಕೆ ಕೂಡಿಸಿದರೆ ಮೊತ್ತ ನೂರು ದಾಟಬಾರದು. ಕನಕಪುರದ ಒಂದು ಮನೆಯಲ್ಲಿ ಜೂನ್ ತಿಂಗಳಿನಲ್ಲಿ ಉಷ್ಣತೆ 82, ತೇವ 80 ಇದ್ದರೆ ಮೊತ್ತ 162. ತಣ್ಣಗೆ ಮಾಡುವ ಯಂತ್ರವಿಲ್ಲದೆ ನಮ್ಮಲ್ಲಿ ಯಾವ ಕೋಣೆಯೂ ಈ ಪರೀಕ್ಷೆಯಲ್ಲಿ ಪಾಸಾಗುವುದಿಲ್ಲ. ಹಾಗಾದರೆ ಇಷ್ಟು ಕಾಲ ಇಲ್ಲಿಯವರು ಬೀಜ ಉಳಿಸಿಕೊಂಡು ಬಂದದ್ದು ಹೇಗೆ? ಸೆಕೆಯನ್ನು ಅವರು ತಡೆಯಲಾರರು, ಜೂನಿನ ಗಾಳಿಯನ್ನೂ ತಡೆಯಲಾರರು. ಅವರ ಕೈಯಲ್ಲಿದ್ದುದು ಒಂದೇ: ಗಾಳಿ ಒಣಗಿರುವ ಕಾಲ ನೋಡಿ, ಕಾಳನ್ನು ಆ ಗಾಳಿಯಷ್ಟೇ ಒಣಗಿಸಿ, ಗಾಳಿಯ ಹದ ಕೆಡುವ ಮುನ್ನ ಬಾಯಿ ಮುಚ್ಚಿಬಿಡುವುದು. ಬೀಜ ತನ್ನ ಸುತ್ತಲ ಗಾಳಿಯ ಜೊತೆ ಸದಾ ತೇವವನ್ನು ಕೊಟ್ಟು ತೆಗೆದುಕೊಳ್ಳುತ್ತಿರುತ್ತದೆ. ಮಾರ್ಚಿನ ಮಧ್ಯಾಹ್ನ ಈ ಬಯಲಿನ ಗಾಳಿಯ ತೇವ ನೂರಕ್ಕೆ ಮೂವತ್ತರ ಆಸುಪಾಸಿಗೆ ಬೀಳುತ್ತದೆ. ಆ ಗಾಳಿಯಲ್ಲಿ ಹರವಿದ ಕಾಳಿನ ತೇವವೂ ತಾನಾಗಿ ಇಳಿಯುತ್ತದೆ. ಯುಗಾದಿಯ ಆಚೀಚೆ, ಮೊದಲ ಬೇಸಿಗೆ ಮಳೆ ಬೀಳುವುದರೊಳಗೆ ಬಿತ್ತನೆ ತುಂಬಿ ಮುಚ್ಚಿಬಿಡಬೇಕು. ಈ ವಿದ್ಯೆಯ ಜೀವ ಇರುವುದು ಈ ದಿನಗಳ ಆಯ್ಕೆಯಲ್ಲಿ ಎಂದು ನನ್ನ ನಂಬಿಕೆ. ಮಡಕೆ ಯಾವುದು, ಬೂದಿ ಯಾವುದು ಎನ್ನುವುದೆಲ್ಲ ಅದರ ನಂತರದ ಮಾತು.

ಆದರೆ ಕೆಲಸ ಶುರುವಾಗುವುದು ಕಣದಲ್ಲಲ್ಲ, ಹೊಲದಲ್ಲಿ. ಹಸಿ ಅವರೆಕಾಯಿಗೆ ಬೆಂಗಳೂರಿನ ಪೇಟೆಯಲ್ಲಿ ಒಳ್ಳೆಯ ಬೆಲೆ ಸಿಗುವ ತಿಂಗಳಿನಲ್ಲಿ, ತುಂಬಿ ನಿಂತ ಒಂದು ಸಾಲನ್ನು ಕೀಳದೆ ಬಿಡುವುದಕ್ಕೆ ಮನಸ್ಸು ಗಟ್ಟಿ ಬೇಕು. ಗೊಂಚಲು ಚೆನ್ನಾಗಿರುವ, ರೋಗ ಸುಳಿಯದ, ಕಾಯಿಗೆ ನಾಲ್ಕು ಕಾಳು ಕಟ್ಟುವ ಗಿಡಗಳನ್ನು ಗುರುತು ಮಾಡಿ ಬಿಡುತ್ತಾರೆ. ಕೊಯ್ಲಿನಲ್ಲಿ ಅಳಿದುಳಿದ ಕಾಯಿಗಳನ್ನು ಬಿತ್ತನೆಗೆ ಇಡುವ ಸೋಮಾರಿತನ ಕೆಲವು ಕಡೆ ಬಂದಿದೆ. ಕೊನೆಯ ಕಾಯಿಗಳಲ್ಲಿ ಕಾಳು ಸಣ್ಣ, ಜೊಳ್ಳು, ಹುಳು ತಾಗಿದ್ದು ಹೆಚ್ಚು. ಗಿಡದ ಮೇಲೆ ಸರಿಯಾಗಿ ಬಲಿಯದ ಕಾಳನ್ನು ಚಿನ್ನದ ಪೆಟ್ಟಿಗೆಯಲ್ಲಿ ಇಟ್ಟರೂ ಆಯಸ್ಸು ಬರುವುದಿಲ್ಲ. ಮನೆಯೊಳಗಿನ ಕಾಪು ಹೊಲದಿಂದ ಬಂದ ಬಲವನ್ನು ಉಳಿಸೀತೇ ಹೊರತು ಹೆಚ್ಚಿಸಲಾರದು.

ಬಡಿಯುವುದರಲ್ಲೂ ಎಚ್ಚರ ಬೇಕು. ಬಿತ್ತನೆಯ ಕಾಯಿಯನ್ನು ಬೇರೆಯಾಗಿ ಹರವಿ, ತೆಳ್ಳನೆಯ ಕೋಲಿನಲ್ಲಿ ಮೆಲ್ಲಗೆ ಬಡಿದು ಬಿಡಿಸುತ್ತಾರೆ. ಸ್ವಲ್ಪವೇ ಆದರೆ ಕೈಯಲ್ಲೇ ಸುಲಿಯುತ್ತಾರೆ. ಈಗ ಹುರುಳಿ, ಅವರೆ, ರಾಗಿ ಎಲ್ಲವನ್ನೂ ಡಾಂಬರು ರಸ್ತೆಗೆ ಹರವಿ, ಓಡಾಡುವ ಗಾಡಿಗಳ ಚಕ್ರಕ್ಕೆ ಒಕ್ಕಣೆ ಒಪ್ಪಿಸುವುದನ್ನು ಕನಕಪುರ ರಸ್ತೆಯಲ್ಲಿ ಹೋಗುವ ಯಾರಾದರೂ ನೋಡಿರುತ್ತಾರೆ. ರಸ್ತೆಯ ಅಪಾಯದ ಮಾತು ಹಾಗಿರಲಿ, ಬಿತ್ತನೆಗಂತೂ ಅದು ಆಗದು. ಚಕ್ರದ ಕೆಳಗೆ ಒಡೆದ ಕಾಳು ಕಣ್ಣಿಗೆ ಕಾಣುತ್ತದೆ, ತೆಗೆದು ಹಾಕಬಹುದು. ಸಿಪ್ಪೆಯಲ್ಲಿ ಕೂದಲೆಳೆಯ ಬಿರುಕು ಬಿಟ್ಟ ಕಾಳು ಕಾಣುವುದಿಲ್ಲ. ಆ ಬಿರುಕಿನಿಂದಲೇ ತೇವ ನುಗ್ಗುತ್ತದೆ, ಬೂಷ್ಟು ನುಗ್ಗುತ್ತದೆ.

ಒಣಗಿಸುವ ನೆಲ ಸಗಣಿ ಸಾರಿಸಿದ್ದಾದರೆ ಒಳ್ಳೆಯದು, ಇಲ್ಲವಾದರೆ ಚಾಪೆ, ಗೋಣಿ. ಬೇಸಿಗೆಯ ನಡುಮಧ್ಯಾಹ್ನ ಸಿಮೆಂಟಿನ ಮಾಳಿಗೆ ಕಾಲು ಇಡಲಾಗದಷ್ಟು ಕಾಯುತ್ತದೆ. ಇನ್ನೂ ತೇವವಿರುವ ಬೀಜಕ್ಕೆ ಸುಮಾರು 43 ಡಿಗ್ರಿ ಸೆಲ್ಸಿಯಸ್ ಮೀರಿದ ಬಿಸಿ ತಾಗಬಾರದು ಎನ್ನುವುದು ಬೀಜ ತಂತ್ರಜ್ಞರ ಸಾಮಾನ್ಯ ಮಾತು. ಮೇಲಿನ ಸಿಪ್ಪೆ ಬೇಗ ಒಣಗಿ ಬಿಗಿದುಕೊಂಡರೆ ಒಳಗಿನ ತೇವ ಹೊರಬರಲಾಗದೆ ಸಿಪ್ಪೆ ಸೀಳುತ್ತದೆ. ಅದಕ್ಕೇ ಮೊದಲ ಒಂದೆರಡು ದಿನ ಬೆಳಗಿನ ಎಳೆಬಿಸಿಲು, ಮಧ್ಯಾಹ್ನ ನೆರಳು, ಇಳಿಹೊತ್ತಿಗೆ ಮತ್ತೆ ಬಿಸಿಲು. ತೇವ ತಗ್ಗಿದ ಮೇಲೆ ಪೂರ್ತಿ ಬಿಸಿಲು ತಡೆಯುತ್ತದೆ. ಬೆರಳಿನ ದಪ್ಪಕ್ಕಿಂತ ಹೆಚ್ಚು ಹರವುವಂತಿಲ್ಲ, ಆಗಾಗ ಕೈಯಾಡಿಸುತ್ತಿರಬೇಕು. ಹೊತ್ತು ಮುಳುಗುವ ಮೊದಲೇ ಒಳಗೆ ತರಬೇಕು, ಇಲ್ಲವಾದರೆ ಹಗಲಿಡೀ ಬಿಟ್ಟ ತೇವವನ್ನು ರಾತ್ರಿಯ ಇಬ್ಬನಿಯಿಂದ ವಾಪಸ್ಸು ಹೀರುತ್ತದೆ. ಚನ್ನಪಟ್ಟಣದ ಬೊಂಬೆ ಕೆಲಸದವರು ಆಲೆ ಮರದ ತುಂಡುಗಳನ್ನು ತಿಂಗಳುಗಟ್ಟಲೆ ಒಣಗಲು ಬಿಟ್ಟು ಆಮೇಲೆ ಕಡೆಯುವುದೂ ಇದೇ ಭಯಕ್ಕೆ. ಅವಸರ ಮಾಡಿದರೆ ಒಣಗುವ ವಸ್ತು ಬಿರಿಯುತ್ತದೆ. ಕೊನೆಯ ದಿನದ ಬಿಸಿಲು ಮುಗಿದ ಮೇಲೂ ಕಾಳನ್ನು ಬಿಸಿಬಿಸಿಯಾಗಿ ತುಂಬುವುದಿಲ್ಲ. ಮನೆಯೊಳಗೆ ಹರವಿ, ಆರಿಸಿ, ಆಮೇಲೆ ತುಂಬುತ್ತಾರೆ. ಬಿಸಿ ಕಾಳು ತುಂಬಿ ಮುಚ್ಚಿದರೆ ತಣಿಯುವಾಗ ಪಾತ್ರೆಯ ಗೋಡೆಗೆ ಬೆವರು ಹನಿಯುತ್ತದೆ. ಆ ಒಂದೆರಡು ಹನಿ ಸಾಕು, ಅಂಚಿನ ಕಾಳು ಮುಗ್ಗುಲು ಹಿಡಿಯುವುದಕ್ಕೆ.

ಇಷ್ಟು ಮಾಡಿದರೂ ಒಬ್ಬ ಕಳ್ಳ ಆಗಲೇ ಒಳಗೆ ಬಂದಿರುತ್ತಾನೆ. ಕುಟ್ಟೆ ಹುಳು ಎಂದು ಊರಲ್ಲಿ ಕರೆಯುವ, ದ್ವಿದಳ ಕಾಳುಗಳನ್ನು ಕೊರೆಯುವ ಪುಟ್ಟ ಕಂದು ದುಂಬಿ. ಇದು ಉಗ್ರಾಣದಲ್ಲಿ ಹುಟ್ಟುವುದೆಂದು ಬಹಳ ಜನ ತಿಳಿದಿದ್ದಾರೆ. ಬಹಳ ಸಲ ಅದು ಹೊಲದಿಂದಲೇ ಬರುತ್ತದೆ. ಒಣಗುತ್ತಿರುವ ಕಾಯಿಯ ಮೇಲೆ ಮೊಟ್ಟೆ ಇಡುತ್ತದೆ, ಮರಿ ಕೊರೆದುಕೊಂಡು ಕಾಳಿನೊಳಗೆ ಸೇರುತ್ತದೆ, ಮೇಲೆ ಒಂದು ಚುಕ್ಕೆ ಬಿಟ್ಟರೆ ಏನೂ ಕಾಣುವುದಿಲ್ಲ. ಒಳಗೇ ತಿಂದು ಬೆಳೆದು, ದುಂಡಗೆ ಕಿಂಡಿ ಕತ್ತರಿಸಿಕೊಂಡು ಹೊರಬರುತ್ತದೆ. ಬಂದ ಹುಳುವಿಗೆ ಊಟವೂ ಬೇಡ. ಜೊತೆ ಹುಡುಕಿ, ನಯವಾದ ಕಾಳಿನ ಮೈಮೇಲೆ ಒಂದೊಂದಾಗಿ ಮೊಟ್ಟೆ ಅಂಟಿಸುತ್ತಾ ಹೋಗುತ್ತದೆ. ಬೇಸಿಗೆಯ ಸೆಕೆಯಲ್ಲಿ ಮೂರು ನಾಲ್ಕು ವಾರಕ್ಕೆ ಒಂದು ತಲೆಮಾರು. ಫೆಬ್ರುವರಿಯಲ್ಲಿ ಬೆರಳೆಣಿಕೆಯ ಹುಳು ಇದ್ದರೆ ಜೂನಿನ ಹೊತ್ತಿಗೆ ಚೀಲದ ತುಂಬ ಹಿಟ್ಟು ಮತ್ತು ತೂತಿನ ಕಾಳು.

ಇದನ್ನು ತಡೆಯಲು ಇಲ್ಲಿಯವರು ಮಾಡುವ ಕೆಲಸಗಳಲ್ಲಿ ನನಗೆ ಅತಿ ಸೊಗಸಾಗಿ ಕಂಡದ್ದು ಕೆಮ್ಮಣ್ಣು ಕಟ್ಟುವುದು. ಈ ನಾಲ್ಕು ತಾಲ್ಲೂಕಿನ ನೆಲವೇ ಕೆಂಪು, ಹುಡುಕಿಕೊಂಡು ಹೋಗಬೇಕಾಗಿಲ್ಲ. ಕಲ್ಲಿಲ್ಲದ ನುಣುಪು ಮಣ್ಣನ್ನು ಜರಡಿ ಹಿಡಿದು, ನೀರಿನಲ್ಲಿ ಕಲಸಿ ತೆಳುವಾದ ಬಗ್ಗಡ ಮಾಡುತ್ತಾರೆ. ಕಾಳನ್ನು ಅದರಲ್ಲಿ ಹೊರಳಿಸಿ, ಮೈತುಂಬ ಬಣ್ಣ ಹತ್ತಿದ ಮೇಲೆ ತಡಮಾಡದೆ ಬಿಸಿಲಿಗೆ ಹರವುತ್ತಾರೆ. ಕಾಳು ನೀರು ಕುಡಿಯುವಷ್ಟು ಹೊತ್ತು ಬಗ್ಗಡದಲ್ಲಿ ಬಿಡಬಾರದು, ಬಳಿದ ಮೇಲೆ ಮತ್ತೆ ಹಲ್ಲಿಗೆ ಕಟ್ಟೆನ್ನುವವರೆಗೆ ಒಣಗಿಸಬೇಕು. ಇಲ್ಲಿ ತಪ್ಪಿದರೆ ಉಪಕಾರಕ್ಕಿಂತ ಅಪಕಾರವೇ ಹೆಚ್ಚು. ಸರಿಯಾಗಿ ಕಟ್ಟಿದ ಕೆಮ್ಮಣ್ಣು ಮೂರು ಕೆಲಸ ಒಟ್ಟಿಗೆ ಮಾಡುತ್ತದೆ. ನಯವಾದ ಸಿಪ್ಪೆ ಮರೆಯಾಗುವುದರಿಂದ ಹುಳುವಿಗೆ ಮೊಟ್ಟೆ ಅಂಟಿಸಲು ಗಟ್ಟಿ ಜಾಗ ಸಿಗುವುದಿಲ್ಲ. ಒಣಗಿದ ಮಣ್ಣಿನ ಸಣ್ಣ ಕಣಗಳು ಹುಳುವಿನ ಮೈಮೇಲಿನ ಮೇಣದ ಪದರವನ್ನು ಉಜ್ಜಿ ಕೆಡಿಸುತ್ತವೆ, ಮೇಣ ಹೋದ ಹುಳು ತನ್ನ ಮೈನೀರು ಹಿಡಿದಿಡಲಾರದೆ ಒಣಗಿ ಸಾಯುತ್ತದೆ. ಮೊಟ್ಟೆಯಿಂದ ಹೊರಟ ಮರಿಗೂ ದಾಟಬೇಕಾದ ಇನ್ನೊಂದು ಗೋಡೆ. ಜರಡಿ ಹಿಡಿದ ಒಲೆ ಬೂದಿ ಬೆರೆಸುವುದರ ಹಿಂದೆಯೂ ಇದೇ ತತ್ವ ಇದೆ. ಬೂದಿ ಕಾಳುಗಳ ನಡುವಿನ ಸಂದಿ ತುಂಬಿ ಹುಳುವಿನ ಓಡಾಟವನ್ನೇ ನಿಲ್ಲಿಸುತ್ತದೆ.

ಸಂದಿ ತುಂಬುವ ಉಪಾಯದ ಇನ್ನೊಂದು ರೂಪ ರಾಗಿ. ಸ್ವಲ್ಪವೇ ಇರುವ ಅವರೆ, ತೊಗರಿ ಬಿತ್ತನೆಯನ್ನು ರಾಗಿಯೊಳಗೆ ಹುದುಗಿಸಿ ಇಡುತ್ತಾರೆ. ರಾಗಿ ಕಾಳು ಎಷ್ಟು ಸಣ್ಣದೆಂದರೆ ಅವರೆಯ ಸುತ್ತ ಒಂದು ಸೂಜಿ ಓಡಾಡುವ ಜಾಗವನ್ನೂ ಬಿಡುವುದಿಲ್ಲ. ಹುಳು ಹುಟ್ಟಿದರೂ ಮುಂದಿನ ಕಾಳಿಗೆ ಹೋಗಲಾರದು. ರಾಗಿಯೊಳಗೆ ಬೆಳೆಯುವುದೂ ಅದಕ್ಕೆ ಸಾಧ್ಯವಿಲ್ಲ, ಅಷ್ಟು ಚಿಕ್ಕ ಕಾಳಿನಲ್ಲಿ ಆ ಮರಿಗೆ ಮನೆ ಇಲ್ಲ. ಬಿತ್ತುವಾಗ ಜರಡಿ ಹಿಡಿದರೆ ಎರಡೂ ಬೇರೆ. ಹೊಲದಲ್ಲಿ ಜೊತೆಯಾಗಿ ಬೆಳೆದವು ಮನೆಯಲ್ಲೂ ಜೊತೆಯಾಗಿಯೇ ಇರುತ್ತವೆ.

ಎಣ್ಣೆ ಸವರುವ ರೂಢಿಯೂ ಉಂಟು. ಒಂದು ಕಿಲೋ ಕಾಳಿಗೆ 5 ಮಿಲಿಲೀಟರಿನಷ್ಟು ಹರಳೆಣ್ಣೆ, ಬೇವಿನ ಎಣ್ಣೆ ಅಥವಾ ಹೊಂಗೆ ಎಣ್ಣೆ ಸಾಕು ಎನ್ನುವ ಅಳತೆಯನ್ನು ಕೃಷಿ ಸಂಶೋಧನೆಯೂ ಒಪ್ಪಿದೆ. ತೆಳ್ಳನೆಯ ಎಣ್ಣೆ ಮೊಟ್ಟೆಯ ಉಸಿರು ಕಟ್ಟಿಸುತ್ತದೆ. ಹೆಚ್ಚು ಹಾಕಿದರೆ ಬೀಜದ ಮೊಳಕೆಗೂ ತೊಂದರೆ. ಬೇವಿನ ಸೊಪ್ಪು, ಲಕ್ಕಿ ಸೊಪ್ಪು ಹಾಕುವವರು ನೆರಳಲ್ಲಿ ಗರಿಗರಿ ಒಣಗಿಸಿಯೇ ಹಾಕಬೇಕು. ಹಸಿ ಸೊಪ್ಪು ಹಾಕಿ ಮುಚ್ಚುವುದೆಂದರೆ ತೇವವನ್ನು ಕೈಯಾರೆ ಒಳಗೆ ಬಿಟ್ಟಂತೆ. ಅಮಾವಾಸ್ಯೆಯ ದಿನ ಕಾಳು ಬಿಸಿಲಿಗೆ ಹಾಕಿ ತುಂಬಿದರೆ ಹುಳು ಹಿಡಿಯುವುದಿಲ್ಲ ಎಂಬ ನಂಬಿಕೆ ಹಳೇ ಮೈಸೂರಿನ ಎಷ್ಟೋ ಮನೆಗಳಲ್ಲಿದೆ. ಚಂದ್ರನಿಗೂ ಹುಳುವಿಗೂ ಏನು ನಂಟು ಎಂದು ಕೇಳುವ ಮೊದಲು ಒಂದು ಸಂಗತಿ ಗಮನಿಸಬೇಕು. ಹುಳುವಿನ ತಲೆಮಾರು ಮೂರು ನಾಲ್ಕು ವಾರ, ಅಮಾವಾಸ್ಯೆಯ ಸುತ್ತು ನಾಲ್ಕು ವಾರಕ್ಕೆ ತುಸು ಹೆಚ್ಚು. ಬೇಸಿಗೆಯ ಪ್ರತಿ ಅಮಾವಾಸ್ಯೆಗೂ ತಪ್ಪದೆ ಕಾಳು ಕೆದಕಿ, ಕೇರಿ, ಬಿಸಿಲು ಕಾಣಿಸಿದ ಮನೆಯಲ್ಲಿ ಹುಳು ಹಿಂಡು ಕಟ್ಟುವ ಮೊದಲೇ ಚದುರುತ್ತದೆ. ಪಂಚಾಂಗ ಒಂದು ಶಿಸ್ತನ್ನು ಕಾದಿಟ್ಟಿದೆ ಎಂದೇ ನನಗೆ ತೋರುತ್ತದೆ.

ತುಂಬಿಡುವ ಪಾತ್ರೆಗಳ ಹೆಸರೇ ಒಂದು ಸಂಸಾರ: ವಾಡೆ, ಗುಡಾಣ, ಕಣಜ, ತೊಂಬೆ, ಸೋರೆ ಬುರುಡೆ. ದೊಡ್ಡವು ಊಟದ ದವಸಕ್ಕೆ, ಸಣ್ಣವು ಬಿತ್ತನೆಗೆ. ಮಣ್ಣಿನ ಗುಡಾಣದ ಬಾಯಿಗೆ ಬಟ್ಟೆ ಕಟ್ಟಿ, ಮುಚ್ಚಳ ಇಟ್ಟು, ಸಗಣಿ ಮಣ್ಣಿನಲ್ಲಿ ಮೆತ್ತುತ್ತಾರೆ. ಹಿಡಿಯಷ್ಟು ತರಕಾರಿ ಬೀಜಕ್ಕೆ ಬುರುಡೆ. ಹೀರೆ, ಸೋರೆ ಬೀಜಗಳಿಗೆ ಅವುಗಳ ಒಣಕಾಯಿಯೇ ಪಾತ್ರೆ, ತೊಲೆಗೆ ನೇತು ಹಾಕಿದರೆ ಮುಗಿಯಿತು. ಒಲೆಯ ಮೇಲಿನ ಅಟ್ಟಕ್ಕೆ ದಿನವೂ ಹೊಗೆ ತಾಗುತ್ತದೆ, ಅಲ್ಲಿಯ ಗಾಳಿ ಮಳೆಗಾಲದಲ್ಲೂ ಮನೆಯ ಉಳಿದ ಭಾಗಕ್ಕಿಂತ ಒಣಗಿರುತ್ತದೆ, ಹೊಗೆಯನ್ನು ಹುಳುಗಳು ಸಹಿಸುವುದಿಲ್ಲ. ಆದರೆ ಬರಿಯ ಮಣ್ಣಿನ ಗುಡಾಣಕ್ಕೆ ಒಂದು ಕೊರತೆ ಇದೆ, ಅದನ್ನು ಹೇಳದೆ ಹೊಗಳುವುದು ಸರಿಯಲ್ಲ. ಸುಟ್ಟ ಮಣ್ಣು ಉಸಿರಾಡುತ್ತದೆ, ಜೂನಿನ ತೇವ ಅದರ ಗೋಡೆಯಿಂದ ನಿಧಾನಕ್ಕೆ ಒಳಗೆ ಇಳಿಯುತ್ತದೆ. ಸಗಣಿ ಸವರುವುದು, ಅಟ್ಟಕ್ಕೆ ಏರಿಸುವುದು, ನಡುವೆ ಒಮ್ಮೆ ಬಿಸಿಲು ಕಾಣಿಸುವುದು ಇವೆಲ್ಲ ಆ ಕೊರತೆಗೆ ಕಂಡುಕೊಂಡ ಪರಿಹಾರ.

ಹಗೇವಿನ ಮಾತು ಬೇರೆ. ಗಟ್ಟಿ ನೆಲದಲ್ಲಿ ಕಿರಿದಾದ ಬಾಯಿ, ಅಗಲವಾದ ಹೊಟ್ಟೆ ಬಿಟ್ಟು ತೋಡಿ, ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಚಪ್ಪಡಿ ಎಳೆದು ಮಣ್ಣು ಮುಚ್ಚುತ್ತಿದ್ದ ನೆಲದೊಳಗಿನ ಉಗ್ರಾಣ ಅದು. ಒಳಗಿನ ಧಾನ್ಯವೂ ಹುಳುವೂ ಉಸಿರಾಡಿ ಆಮ್ಲಜನಕ ತೀರಿದ ಮೇಲೆ ಹುಳು ತಾನಾಗಿ ಸಾಯುತ್ತಿತ್ತು. ತೆರೆದ ಕೂಡಲೇ ಇಳಿದ ಮನುಷ್ಯರೂ ಸತ್ತಿದ್ದಾರೆ. ಅದಕ್ಕೇ ಮೊದಲು ದೀಪ ಇಳಿಬಿಟ್ಟು ಅದು ಉರಿಯುತ್ತದೆಯೇ ಎಂದು ನೋಡುತ್ತಿದ್ದರು. ಬರಗಾಲಕ್ಕೆ ಹಗೇವು ಅನ್ನದ ಗಂಟಾಗಿತ್ತು. ಬಿತ್ತನೆಯನ್ನು ಮಾತ್ರ ಮನೆಯೊಳಗೆ, ಕಣ್ಣೆದುರು, ಬೇಕಾದಾಗ ಕೈ ಹಾಕಿ ನೋಡುವಂತೆ ಇಡುತ್ತಿದ್ದರು.

ಅವರೆಯ ಬೆಲೆ ತಿಳಿಯಬೇಕಾದರೆ ಸೋಯಾಬೀನಿನ ಪಕ್ಕದಲ್ಲಿ ಇಟ್ಟು ನೋಡಬೇಕು. ಕರ್ನಾಟಕದಲ್ಲಿ ಸೋಯಾ ಬೆಳೆಯುವುದು ಮುಖ್ಯವಾಗಿ ಬೀದರ್, ಬೆಳಗಾವಿ, ಧಾರವಾಡ ಕಡೆ. ನಮ್ಮ ಕಡೆಗೆ ಹೊಂದುವಂತೆ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಹಸಿಕಾಯಿ ತಿನ್ನುವ ‘ಕರುಣೆ’ ಎಂಬ ತರಕಾರಿ ಸೋಯಾ ತಳಿಯನ್ನೂ ಕೊಟ್ಟಿದೆ. ಪೌಷ್ಟಿಕಾಂಶದಲ್ಲಿ ಸೋಯಾ ದೊಡ್ಡದು, ನೂರಕ್ಕೆ ನಲವತ್ತರಷ್ಟು ಪ್ರೋಟೀನು, ಇಪ್ಪತ್ತರಷ್ಟು ಎಣ್ಣೆ. ಬೀಜವಾಗಿ ಅದರಷ್ಟು ನಾಜೂಕಿನ ಕಾಳು ಕಡಮೆ. ಆ ಎಣ್ಣೆಯೇ ಅದರ ಶತ್ರು. ಸೆಕೆಗೆ, ತೇವಕ್ಕೆ ಎಣ್ಣೆ ಕಮಟಾಗುತ್ತದೆ, ಕಮಟಿನ ಜೊತೆ ಜೀವಕೋಶಗಳ ಪೊರೆ ಹರಿಯುತ್ತದೆ. ಹಾಗೆ ಹರಿದ ಪೊರೆಯ ಬೀಜ ಮಣ್ಣಿನಲ್ಲಿ ನೀರು ಕುಡಿದಾಗ ಒಳಗಿನ ಸಕ್ಕರೆ, ಲವಣಗಳು ಹೊರಗೆ ಸೋರಿ ಹೋಗುತ್ತವೆ. ಪ್ರಯೋಗಾಲಯದಲ್ಲಿ ಬೀಜ ನೆನೆಸಿದ ನೀರಿಗೆ ವಿದ್ಯುತ್ ಹರಿಸಿ ಎಷ್ಟು ಸೋರಿದೆ ಎಂದು ಅಳೆದು ಬೀಜದ ಮುಪ್ಪನ್ನು ಹೇಳುತ್ತಾರೆ. ಸೋಯಾ ಸಿಪ್ಪೆಯೂ ತೆಳು, ಮೊಳಕೆಯ ಬೇರು ಅದರ ಕೆಳಗೇ ಕಾವಲಿಲ್ಲದೆ ಕೂತಿರುತ್ತದೆ. ಲಾರಿಯಿಂದ ಚೀಲ ಎತ್ತಿ ಎಸೆದರೂ ಪೆಟ್ಟಾಗುತ್ತದೆ. ಕೊಯ್ಲು ಬರುವುದು ಸೆಪ್ಟೆಂಬರ್, ಅಕ್ಟೋಬರಿನ ಮಳೆಯಲ್ಲಿ, ಬಿತ್ತನೆ ಮುಂದಿನ ಜೂನಿನಲ್ಲಿ, ಕಾಪಿನ ಕಾಲ ಎಂಟು ತಿಂಗಳು. ನಮ್ಮ ದೇಶದ ಪ್ರಮಾಣೀಕರಣದ ನಿಯಮವೇ ಅದಕ್ಕೆ ರಿಯಾಯಿತಿ ಕೊಟ್ಟಿದೆ. ತೊಗರಿಯಂಥ ಬೇಳೆಕಾಳಿಗೆ ನೂರಕ್ಕೆ ಕನಿಷ್ಠ 75 ಮೊಳೆಯಬೇಕು, ಸೋಯಾಕ್ಕೆ 70 ಸಾಕು.

ಅವರೆ ಬೇರೆ ಮೈಕಟ್ಟಿನದು. ಎಣ್ಣೆ ಬಹಳ ಕಡಮೆ, ಸಿಪ್ಪೆ ದಪ್ಪ. ಕಾಳಿನ ಅಂಚಿನಲ್ಲಿ ಎದ್ದು ಕಾಣುವ ಬಿಳಿಯ ಮೂತಿ ಕಾಯಿಗೆ ಅಂಟಿಕೊಂಡಿದ್ದ ಗುರುತು. ಇದೇ ಕುಲದ ಲೂಪಿನ್, ಕ್ಲೋವರ್ ಗಿಡಗಳ ಬೀಜದಲ್ಲಿ ಈ ಗುರುತಿನ ನಡುವಿನ ಸೀಳು ಒಂದು ದಿಕ್ಕಿನ ಬಾಗಿಲಿನಂತೆ ಕೆಲಸ ಮಾಡುತ್ತದೆ ಎಂದು ಹೈಡ್ ಎಂಬ ವಿಜ್ಞಾನಿ 1954ರಲ್ಲಿ ತೋರಿಸಿದರು. ಹೊರಗಿನ ಗಾಳಿ ಒಣಗಿದ್ದಾಗ ಸೀಳು ತೆರೆದು ಒಳಗಿನ ತೇವವನ್ನು ಬಿಡುತ್ತದೆ, ಗಾಳಿ ತೇವವಾದಾಗ ಮುಚ್ಚಿಕೊಂಡು ಒಳಗೆ ಬಿಡುವುದಿಲ್ಲ. ಎಂಥ ಜಾಣತನ! ಈ ಕುಲದ ಕಾಳುಗಳು ಗಟ್ಟಿ ಆಯಸ್ಸಿನವಾದದ್ದರಲ್ಲಿ ಇಂಥ ಕಟ್ಟಡಕ್ಕೂ ಪಾಲಿದೆ.

ನಮ್ಮ ಸೀಮೆಗೇ ವಿಶೇಷವಾದ ಒಂದು ಎಚ್ಚರಿಕೆ ಇದೆ. ಇದು ರೇಷ್ಮೆಯ ನಾಡು. ಒಂದೇ ಸೂರಿನಡಿ ಹುಳುವೂ ಕಾಳೂ ಇರುವ ಮನೆಗಳು ಬೇಕಾದಷ್ಟಿವೆ. ಚಾಕಿ ಹುಳುವಿಗೆ, ಅಂದರೆ ಎಳೆಯ ರೇಷ್ಮೆ ಹುಳುವಿಗೆ, 26ರಿಂದ 28 ಡಿಗ್ರಿ ಸೆಕೆ, ಶೇಕಡಾ 80ಕ್ಕೆ ಮೀರಿದ ತೇವ ಬೇಕು. ಹಸಿ ಗೋಣಿ ಕಟ್ಟಿ ಆ ತೇವ ಹುಟ್ಟಿಸುತ್ತಾರೆ. ಹುಳುವಿಗೆ ಹಿತವಾದ ಆ ಗಾಳಿ ಬಿತ್ತನೆಗೆ ವಿಷ. ಹುಳು ಮನೆ ಶುದ್ಧ ಮಾಡುವ ಫಾರ್ಮಾಲಿನ್ನೂ ಮೊಳಕೆಗೆ ಕೇಡು. ಇತ್ತ ಕಾಳಿಗೆ ಬೆರೆಸುವ ಕೀಟನಾಶಕದ ಪುಡಿಯ ಒಂದು ಧೂಳು ಸಾಕು, ರೇಷ್ಮೆ ಹುಳು ಸಾಯಲು. ಆದ್ದರಿಂದ ರೇಷ್ಮೆ ಮನೆಗೆ ಕೆಮ್ಮಣ್ಣು, ಬೂದಿ, ರಾಗಿಯ ದಾರಿಯಷ್ಟು ಹೊಂದುವುದು ಇನ್ನೊಂದಿಲ್ಲ. ಬಿತ್ತನೆಯ ಗುಡಾಣ ಹುಳು ಮನೆಯಿಂದ ದೂರ ಇರಬೇಕು, ಅಷ್ಟೇ.

ಈಗ ಗುಡಾಣ ಮಾಡುವವರು ಕಡಮೆ, ಅಟ್ಟದ ಕೆಳಗೆ ಉರಿಯುವುದು ಗ್ಯಾಸು. ಕಾಳು ನೇಯ್ದ ಪ್ಲಾಸ್ಟಿಕ್ ಚೀಲಕ್ಕೆ ಬಂದಿದೆ, ಚೀಲ ಸಿಮೆಂಟಿನ ನೆಲದ ಮೇಲೆ, ಗೋಡೆಗೆ ಒರಗಿ ಕೂತಿದೆ. ಇದು ಎಲ್ಲಕ್ಕಿಂತ ಕೆಟ್ಟ ಏರ್ಪಾಡು. ಆ ಚೀಲ ತೇವವನ್ನೂ ತಡೆಯದು, ಹುಳುವನ್ನೂ ತಡೆಯದು, ನೆಲದ ತಂಪು ಕೆಳಗಿನಿಂದ ಏರುತ್ತದೆ. ಬೇರೆ ದಾರಿ ಇಲ್ಲದಿದ್ದರೆ ಹಲಗೆಯ ಮೇಲೆ, ಗೋಡೆಯಿಂದ ಒಂದು ಮೊಳ ದೂರ ಇಡಬೇಕು. ಆದರೆ ಹೊಸ ವಸ್ತುಗಳಲ್ಲಿ ನಮ್ಮ ಕೈಗೆ ಒಂದು ಒಳ್ಳೆಯ ಸಾಧನವೂ ಬಂದಿದೆ. ರಬ್ಬರು ಸುತ್ತಿನ ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡ್ರಮ್ಮು, ದಪ್ಪ ಪಾಲಿಥೀನಿನ ಒಳಪದರವಿರುವ ಚೀಲ ಇವು ಹಗೇವಿನ ಗುಣವನ್ನೂ ಗುಡಾಣದ ಅನುಕೂಲವನ್ನೂ ಒಟ್ಟಿಗೆ ಕೊಡುತ್ತವೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು ಆಫ್ರಿಕದ ಅಲಸಂದೆ ರೈತರಿಗಾಗಿ ರೂಪಿಸಿದ ಮೂರು ಪದರದ ಚೀಲ ಇದೇ ತತ್ವದ್ದು. ಹುಳು ಒಳಗಿನ ಆಮ್ಲಜನಕ ಮುಗಿಸಿ ತಾನೇ ನಿಲ್ಲುತ್ತದೆ, ಔಷಧಿಯ ಅಗತ್ಯವೇ ಇಲ್ಲ. ಷರತ್ತು ಒಂದೇ. ಕಾಳು ಪೂರ್ತಿ ಒಣಗಿರಬೇಕು. ಪ್ರಮಾಣೀಕೃತ ಬೇಳೆಕಾಳಿನ ಬೀಜಕ್ಕೆ ಮಾಮೂಲಿ ಚೀಲದಲ್ಲಿ ಶೇಕಡಾ 9 ತೇವದವರೆಗೆ ಅವಕಾಶ, ತೇವ ತೂರದ ಪೊಟ್ಟಣದಲ್ಲಿ 8 ಮಾತ್ರ. ಮುಚ್ಚಿದ ಪಾತ್ರೆಯೊಳಗೆ ಸಿಕ್ಕಿಕೊಂಡ ತೇವ ಹೊರಗೆ ಹೋಗಲಾರದು, ಅರೆ ಒಣಗಿದ ಕಾಳು ಗಾಳಿ ಆಡುವ ಗೋಣಿಗಿಂತ ಬೇಗ ಡ್ರಮ್ಮಿನಲ್ಲೇ ಸಾಯುತ್ತದೆ. ಹೊಸ ಡ್ರಮ್ಮಿಗೂ ಹಳೆಯ ಹಲ್ಲಿನ ಪರೀಕ್ಷೆ ತಪ್ಪಿದ್ದಲ್ಲ. ಬಾಯಿಯ ತುದಿಯವರೆಗೆ ತುಂಬಬೇಕು; ಅರ್ಧ ಖಾಲಿ ಡ್ರಮ್ಮಿನಲ್ಲಿ ಹುಳುವಿಗೆ ಉಸಿರಾಡಲು ಗಾಳಿ ಉಳಿಯುತ್ತದೆ. ದಿನಕ್ಕೊಮ್ಮೆ ತೆರೆದು ನೋಡುವ ಚಟವನ್ನೂ ಬಿಡಬೇಕು.

ಜೂನ್ ಕಳೆಯುವ ಹೊತ್ತಿಗೆ ಮುಚ್ಚಳ ತೆಗೆದು ಮಾಡುವ ಕೊನೆಯ ಕೆಲಸ ಮೊಳಕೆಯ ಪರೀಕ್ಷೆ. ರಾಶಿಯ ಮೇಲಿಂದ, ನಡುವಿನಿಂದ, ತಳದಿಂದ ಕೂಡಿಸಿ ನೂರು ಕಾಳು ಎಣಿಸಿಕೊಂಡು, ಹಸಿ ಗೋಣಿತುಂಡಿನ ಮೇಲೆ ಸಾಲಾಗಿ ಇಟ್ಟು, ಸುರುಳಿ ಸುತ್ತಿ ನೆರಳಲ್ಲಿ ಇಡಬೇಕು. ಗೋಣಿ ಒಣಗದಂತೆ ನೀರು ಚಿಮುಕಿಸುತ್ತಿರಬೇಕು. ನಾಲ್ಕನೆಯ ದಿನ ಒಮ್ಮೆ, ವಾರಕ್ಕೆ ಇನ್ನೊಮ್ಮೆ ಬಿಚ್ಚಿ ಎಣಿಸಬೇಕು. ಎಷ್ಟು ಮೊಳೆತವು ಎಂಬುದರ ಜೊತೆಗೆ ಹೇಗೆ ಮೊಳೆತವು ಎಂದೂ ನೋಡುವವರು ನಿಜವಾದ ಬೇಸಾಯಗಾರರು. ಮುಪ್ಪಾದ ಬೀಜ ಗೋಣಿಯ ಸುಖದಲ್ಲಿ ಹೇಗೋ ಮೊಳೆಯುತ್ತದೆ, ಆದರೆ ನಿಧಾನ, ಬೇರು ಸಣಕಲು. ನಮ್ಮ ಕೆಂಪು ನೆಲ ಜೋರು ಮಳೆ ಬಿದ್ದು ಬಿಸಿಲಾದರೆ ಮೇಲೆ ಹೆಪ್ಪುಗಟ್ಟುತ್ತದೆ. ಅವರೆ ಸಸಿ ತನ್ನ ಎರಡು ದಪ್ಪ ದಳಗಳನ್ನು ತಲೆಯ ಮೇಲೆ ಹೊತ್ತುಕೊಂಡು ಆ ಹೆಪ್ಪನ್ನು ಒಡೆದು ಏಳಬೇಕು. ಆ ಶಕ್ತಿ ಇಲ್ಲದ ಮೊಳಕೆ ನೆಲದೊಳಗೇ ಮಡಿಸಿಕೊಂಡು ಕೊಳೆಯುತ್ತದೆ. ತೊಂಬತ್ತು ಮೊಳೆತರೆ ಕುಣಿಗೆ ಒಂದು ಕಾಳು ಸಾಕು, ಎಪ್ಪತ್ತಾದರೆ ಎರಡು ಊರಬೇಕು. ಐವತ್ತಕ್ಕೆ ಇಳಿದರೆ ಅದನ್ನು ಹುಳಿಗೆ ಹಾಕಿ, ಬೇರೆಯವರಲ್ಲಿ ಬಿತ್ತನೆ ಕೇಳುವುದು ಮೇಲು.

ಕೇಳುವುದಕ್ಕೆ ಇಲ್ಲಿ ಜಾಗಗಳೂ ಇವೆ. ಬೆಂಗಳೂರಿನ ಸಹಜ ಸಮೃದ್ಧ ಬಳಗ ದೇಸಿ ಬೀಜಗಳನ್ನು ಹಂಚುತ್ತಾ, ಬೀಜ ಮೇಳಗಳನ್ನು ನಡೆಸುತ್ತಾ ಬಂದಿದೆ. ವನಜಾ ರಾಮಪ್ರಸಾದ್ ಕಟ್ಟಿದ ಗ್ರೀನ್ ಫೌಂಡೇಶನ್ ಕನಕಪುರ ಸೀಮೆಯಲ್ಲೂ ಗಡಿಯಾಚೆ ತಮಿಳುನಾಡಿನ ತಳಿ ಎಂಬ ಊರಿನ ಸುತ್ತಲೂ ಊರಿನ ಹೆಂಗಸರ ಕೈಯಲ್ಲೇ ನಡೆಯುವ ಸಮುದಾಯ ಬೀಜ ಬ್ಯಾಂಕುಗಳನ್ನು ಬೆಳೆಸಿತು. ಮಾಗಡಿ ತಾಲ್ಲೂಕಿನ ಚಂದುರಾಯನಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಅನುಮಾನ ಬಂದರೆ ಒಂದು ಹಿಡಿ ಕಾಳು ಹಿಡಿದುಕೊಂಡು ಹೋಗಿ ಕೇಳಬಹುದು. ಬೀಜ ಬ್ಯಾಂಕಿನ ಲೆಕ್ಕ ಊರಿನ ಹಳೆಯ ಬಿತ್ತನೆ ಸಾಲದ ಲೆಕ್ಕವೇ: ಒಯ್ದದ್ದಕ್ಕಿಂತ ಹೆಚ್ಚು ಅಳತೆ ಸುಗ್ಗಿಯಲ್ಲಿ ಹಿಂದಿರುಗಿಸಬೇಕು. ಹಾಗೆ ಬಂದ ಕಾಳನ್ನು ಕಣ್ಣು ಮುಚ್ಚಿಕೊಂಡು ಪಾತ್ರೆಗೆ ಸುರಿಯಬಾರದು. ಒಬ್ಬರು ಹಸಿಯಾಗಿ ತಂದರೆ ಎಲ್ಲರದೂ ಕೆಡುತ್ತದೆ. ಮೊದಲು ಮೊರದಲ್ಲಿ ಕೇರಿ, ತೂತಿನ ಕಾಳು ಇದೆಯೇ ನೋಡಿ, ನಾಲ್ಕಾರು ಕಡೆಯಿಂದ ಒಂದೊಂದು ಆಯ್ದು ಕಚ್ಚಬೇಕು. ಮೆತ್ತಗಿದ್ದರೆ ಕೊಟ್ಟವರ ಎದುರೇ ಹೇಳಿ, ಇನ್ನೆರಡು ಬಿಸಿಲು ಕಾಣಿಸಿಕೊಂಡು ಬಾ ಎಂದು ವಾಪಸ್ಸು ಕಳಿಸಬೇಕು.